ಶನಿವಾರದ ಕಾಲ್‌ಗೆ ಮುನ್ನ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ಶನಿವಾರ ಸಂಜೆ 7ಕ್ಕೆ ಕಾಲ್ ಇದೆ. ವಿಷಯ, ಕೀನ್ಯಾದ ಹಳ್ಳಿಗಳಲ್ಲಿ ಸೋಲಾರ್ ದೀಪವನ್ನು ಸಣ್ಣ ಕಂತಿನಲ್ಲಿ ಮಾರುವ ಸಾಫ್ಟ್‌ವೇರ್. ಸುಮ್ನೆ ಇನ್ನೊಂದು ಇಎಂಐ ಆ್ಯಪ್ ಅಂದುಕೊಳ್ಳಬೇಡಿ.

ಗ್ರಾಹಕರು ಎಂ-ಪೆಸಾದಲ್ಲಿ, ಅಂದರೆ ಕೀನ್ಯಾದ ಮೊಬೈಲ್ ಹಣ ಸೇವೆಯಲ್ಲಿ, ದುಡ್ಡು ಹಾಕುತ್ತಾರೆ. (ಇದು 2007ರಲ್ಲೇ ಶುರುವಾದದ್ದು, ನಮ್ಮ ಯುಪಿಐಗಿಂತ ಎಷ್ಟೋ ಮೊದಲು.) ಸಾಫ್ಟ್‌ವೇರ್ ಅದನ್ನು ಅವರ ಲೆಕ್ಕಕ್ಕೆ ಜಮಾ ಮಾಡಿ, ಎಸ್ಸೆಮ್ಮೆಸ್‌ನಲ್ಲಿ ಒಂದು ಕೋಡ್ ಕಳಿಸುತ್ತದೆ. ದೀಪದ ಪೆಟ್ಟಿಗೆಯ ಕೀಪ್ಯಾಡ್‌ನಲ್ಲಿ ಅದನ್ನು ಒತ್ತಿದರೆ ಕಟ್ಟಿದಷ್ಟು ದಿನ ಬೆಳಕು. ದಿನ ಮುಗಿದರೆ ಲಾಕ್. ಕಂತು ಪೂರ್ತಿ ತೀರಿದಾಗ ಕೊನೆಯ ಕೋಡ್ ಬರುತ್ತದೆ, ಆಮೇಲೆ ಲಾಕ್ ಇಲ್ಲವೇ ಇಲ್ಲ.

ಮಜಾ ಏನೆಂದರೆ, ಪೆಟ್ಟಿಗೆಗೆ ನೆಟ್‌ವರ್ಕ್ ಬೇಕಿಲ್ಲ. ಪೆಟ್ಟಿಗೆಯಲ್ಲೂ ಸರ್ವರ್‌ನಲ್ಲೂ ಆ ಪೆಟ್ಟಿಗೆಗೆಂದೇ ಇರುವ ಒಂದೇ ಗುಟ್ಟಿನ ಕೀ, ಜೊತೆಗೆ ಎಷ್ಟನೇ ಕೋಡ್ ಎಂಬ ಎಣಿಕೆ ಇರುತ್ತದೆ. ಹಾಗಾಗಿ ಹಳೆಯ ಕೋಡ್ ಎರಡನೇ ಸಲ ನಡೆಯುವುದಿಲ್ಲ, ಪಕ್ಕದ ಮನೆಯವರದ್ದೂ ನಡೆಯುವುದಿಲ್ಲ. ಓಪನ್‌ಪೇಗೋ ಟೋಕನ್ ಎಂಬ ಕೋಡ್ ವ್ಯವಸ್ಥೆ ಇದೇ ಬಗೆಯದು, ಅದರ ಸೋರ್ಸ್ ಕೋಡ್ ಎಲ್ಲರಿಗೂ ಮುಕ್ತ. ಕೋಡ್ ಬರೆಯುವವರು ಒಮ್ಮೆ ತೆರೆದು ನೋಡಿ ಬನ್ನಿ. ಕಂತಿನಲ್ಲಿ ಸೋಲಾರ್ ಮಾರಿದ ಕೀನ್ಯಾದ ಕಂಪನಿ ಎಂ-ಕೋಪಾ ದಾರಿ ಬೇರೆ, ಅವರು ಪೆಟ್ಟಿಗೆಯೊಳಗೇ ಸಿಮ್ ಇಟ್ಟರು.

ನನಗೆ ಲಾಕ್‌ಗಿಂತ ದೊಡ್ಡ ತಲೆನೋವು ಅನಿಸುವುದು ಲೆಕ್ಕದ್ದು. ಬೆಳೆ ಕೈಗೆ ಬರುವವರೆಗೆ ರೈತರು ಕಟ್ಟುವುದು ನಿಲ್ಲಿಸುತ್ತಾರೆ, ಬಂದಮೇಲೆ ಒಟ್ಟಿಗೆ ಹಾಕುತ್ತಾರೆ. ಅವರನ್ನು ಬಾಕಿದಾರರ ಪಟ್ಟಿಗೆ ಸೇರಿಸಿದರೆ ಏಜೆಂಟ್ ಸುಮ್ಮನೆ ಬಾಗಿಲು ಬಡಿಯುತ್ತಾನೆ, ಅಲ್ವಾ? ಕಾಲ್‌ನಲ್ಲಿ ಜಾಸ್ತಿ ಹೊತ್ತು ಇದಕ್ಕೇ ಇಡೋಣ.

ಪ್ರಶ್ನೆಗಳಿದ್ದರೆ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ಸಾಲದ ಆ್ಯಪ್‌ಗಳ ಫಾರ್ವರ್ಡ್ ಬೇಡ, ದಯವಿಟ್ಟು.