ವ್ಯಾಯಾಮ ಆಟದ ಹಲಗೆಯ ಹಿಂಬದಿ ಎಡ ಮೂಲೆಯ ಬಗ್ಗೆ ದೂರು

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ದೋಷಪೂರಿತ ತೂಕದ ಹಲಗೆ, ತಪ್ಪು ಕ್ಯಾಲೊರಿ ಲೆಕ್ಕ ಮತ್ತು ನಿಮ್ಮ ತಾಂತ್ರಿಕ ತಜ್ಞರು ನನ್ನ ದೇಹದ ಮೇಲೆ ನಡೆಸಿದ ತಪಾಸಣೆ

ಮಾನ್ಯರೇ,

ಈ ಪತ್ರವನ್ನು ಸಂಯಮದಿಂದ ಬರೆಯಬೇಕೆಂದು ನಿರ್ಧರಿಸಿ ಕುಳಿತಿದ್ದೇನೆ. ನಿಮ್ಮ ಸಹಾಯವಾಣಿಗೆ ಮಾಡಿದ ಕರೆಗಳಲ್ಲಿಯೂ ಸಂಯಮವಿತ್ತು. ಅದರ ಫಲವಾಗಿ ನನಗೆ ಸಿಕ್ಕಿದ್ದು ಕಾಯುವಾಗ ಕೇಳಿಸುವ ನಿಮ್ಮ ಸಂಗೀತದ ಸಂಪೂರ್ಣ ಪರಿಚಯ ಮಾತ್ರ. ಆದರೂ ಸುಮ್ಮನಿರುತ್ತಿದ್ದೆನೇನೋ. ಇಂದು ಬೆಳಿಗ್ಗೆ ನಿಮ್ಮ ಆ್ಯಪ್‌ನಿಂದ ಬಂದ ಸಂದೇಶ ಹೀಗಿತ್ತು: "ನಿಮ್ಮನ್ನು ನೋಡಿ ಬಹಳ ದಿನವಾಯಿತು! ಸೋಫಾ ನಿಮ್ಮನ್ನು ಬಿಡುತ್ತಿಲ್ಲವೇ?" ಕೆಳಗೆ ನಿಮ್ಮ ಹಸಿರು ಬಣ್ಣದ ತರಬೇತುದಾರ ಗೊಂಬೆ ಕಣ್ಣು ಮಿಟುಕಿಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನನ್ನ ವಾರ್ಷಿಕ ಚಂದಾ ತಾನಾಗಿಯೇ ನವೀಕರಣಗೊಂಡು ಹಣವೂ ಕಡಿತವಾಯಿತು. ನನ್ನನ್ನು ಬಿಡದಿರುವುದು ಸೋಫಾ ಅಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು.

ನಾನು ನಿಮ್ಮ ವ್ಯಾಯಾಮದ ವಿಡಿಯೋ ಆಟವನ್ನು ಆಡದಿರುವುದಕ್ಕೆ ಕಾರಣ, ಆಡುವಾಗ ಹತ್ತಿ ನಿಲ್ಲಬೇಕಾದ ನಿಮ್ಮ ಹಲಗೆ. ಇದು ನಿಮ್ಮದೇ ಕಡತದಲ್ಲಿ ದಾಖಲಾಗಿದೆ. ಆದರೂ ಕಡತ ತೆರೆಯುವ ಶ್ರಮ ನಿಮಗೆ ಬೇಡವೆಂದು ಇನ್ನೊಮ್ಮೆ ವಿವರಿಸುತ್ತೇನೆ.

ನಿಮ್ಮ ಹಲಗೆಗೆ ನಾಲ್ಕು ಕಾಲುಗಳಿವೆ, ಪ್ರತಿ ಕಾಲಿನಲ್ಲಿಯೂ ಒಂದು ಸಂವೇದಕವಿದೆ. ಭಾರ ಬಿದ್ದಾಗ ಒಳಗಿನ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದಕ್ಕೆ ಅಂಟಿಸಿದ ತಂತಿಯ ವಿದ್ಯುತ್ ರೋಧ ಬದಲಾಗುತ್ತದೆ, ಆ ಬದಲಾವಣೆಯನ್ನು ಯಂತ್ರ ಕಿಲೋಗ್ರಾಂಗಳಾಗಿ ಓದುತ್ತದೆ. ನಾಲ್ಕೂ ಮೂಲೆಗಳ ಅಂಕಿಗಳನ್ನು ಕೂಡಿದರೆ ತೂಕ ತಿಳಿಯುತ್ತದೆ. ಅವನ್ನೇ ಒಂದಕ್ಕೊಂದು ಹೋಲಿಸಿದರೆ ದೇಹ ಯಾವ ಕಡೆಗೆ ವಾಲಿದೆಯೆಂದು ತಿಳಿಯುತ್ತದೆ. ಇದೇನೂ ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯಲ್ಲ. ನಿಂಟೆಂಡೊ ಸಂಸ್ಥೆ ವೀ ಫಿಟ್ ಆಟದ ಜೊತೆಗೆ ಇಂಥದೇ ನಾಲ್ಕು ಸಂವೇದಕಗಳ ಹಲಗೆಯನ್ನು 2007ರಲ್ಲಿಯೇ ಜಪಾನಿನ ಮಾರುಕಟ್ಟೆಗೆ ತಂದಿತ್ತು. ಮುಂದೆ ಸಂಶೋಧಕರು ನಿಲುವಿನ ಸಮತೋಲನವನ್ನು ಅಳೆಯಲು ಆ ಆಟಿಕೆಯನ್ನೇ ಪ್ರಯೋಗಾಲಯಕ್ಕೆ ಒಯ್ದರು. ಅಷ್ಟು ಹಳೆಯ ತಂತ್ರಜ್ಞಾನ ನಿಮ್ಮ ಕೈಯಲ್ಲಿ ಈಗಲೂ ಏಕೆ ತಡವರಿಸುತ್ತದೆ ಎಂಬುದಕ್ಕೆ ನೀವೇ ಉತ್ತರಿಸಬೇಕು.

ನನ್ನ ಹಲಗೆಯ ಹಿಂಬದಿಯ ಎಡ ಮೂಲೆ ಕೆಟ್ಟಿದೆ. ಊಹೆಯ ಮಾತಲ್ಲ. ಹತ್ತು ಲೀಟರ್ ನೀರು ತುಂಬಿದ ಕ್ಯಾನನ್ನು ಒಂದೊಂದೇ ಮೂಲೆಯ ಮೇಲೆ ಇಟ್ಟು ನೋಡಿದೆ. ಒಂದು ಲೀಟರ್ ನೀರು ಸುಮಾರು ಒಂದು ಕಿಲೋ ತೂಗುತ್ತದೆ ಎಂಬುದಕ್ಕೆ ತಜ್ಞರು ಬೇಕಿಲ್ಲ. ಮೂರು ಮೂಲೆಗಳಲ್ಲಿ ಕ್ಯಾನಿನ ಪ್ಲಾಸ್ಟಿಕ್ಕೂ ಸೇರಿ ಹತ್ತು ಕಿಲೋ ಚಿಲ್ಲರೆ ತೋರಿಸಿತು. ಹಿಂಬದಿಯ ಎಡ ಮೂಲೆಯಲ್ಲಿ ಮಾತ್ರ ಎಂಟು.

ಇದರ ಪರಿಣಾಮವನ್ನು ಗಮನಿಸಿ. ಮುಂದಕ್ಕೆ ಬಲಗಡೆ ವಾಲಿ ನಿಂತರೆ ನನ್ನ ತೂಕ 88 ಕಿಲೋ. ನನ್ನ ಮಾಮೂಲಿ ತೂಕದ ಯಂತ್ರವೂ ಅಷ್ಟೇ ಹೇಳುತ್ತದೆ. ಹಿಂದಕ್ಕೆ ಎಡಗಡೆ ವಾಲಿದರೆ 79. ನೆಟ್ಟಗೆ ನಿಂತರೆ ಎರಡರ ನಡುವೆ ಎಲ್ಲೋ ಒಂದು ಕಡೆ. ನನ್ನ ಎತ್ತರ 165 ಸೆಂಟಿಮೀಟರ್. ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಹೇಳುವ ದೇಹದ ದ್ರವ್ಯರಾಶಿ ಸೂಚ್ಯಂಕ (ಬಿಎಂಐ) 88 ಕಿಲೋಗೆ 32ಕ್ಕಿಂತ ಹೆಚ್ಚು, 79 ಕಿಲೋಗೆ 29. ವಿಶ್ವ ಆರೋಗ್ಯ ಸಂಸ್ಥೆ 30 ಮತ್ತು ಅದಕ್ಕಿಂತ ಹೆಚ್ಚಿನದನ್ನು ಬೊಜ್ಜು ಎಂದು ಪರಿಗಣಿಸುತ್ತದೆ. ಎಡಗಾಲಿನ ಹಿಮ್ಮಡಿ ಊರಿದ ಮಾತ್ರಕ್ಕೆ ಬೊಜ್ಜಿನಿಂದ ಪಾರು ಮಾಡುವ ಯಂತ್ರವನ್ನು ತಯಾರಿಸಿ, ಆ ವಿಷಯವನ್ನು ಜಾಹೀರಾತಿನಲ್ಲಿ ಏಕೆ ಮುಚ್ಚಿಟ್ಟಿರೋ ತಿಳಿಯದು.

ತಮಾಷೆ ಇಲ್ಲಿಗೆ ಮುಗಿಯುವುದಿಲ್ಲ. 79 ಎಂದು ಓದಿದ ಸಂಜೆ ಗೊಂಬೆ ಚಪ್ಪಾಳೆ ತಟ್ಟಿ ನನ್ನನ್ನು ಮೇಲಿನ ಹಂತಕ್ಕೆ ಏರಿಸಿತು, ಅಂದರೆ ಹೆಚ್ಚು ಜಿಗಿತ. ಮರುದಿನ ನೆಟ್ಟಗೆ ನಿಂತಾಗ ಅದೇ ಗೊಂಬೆ "ಒಂದೇ ದಿನದಲ್ಲಿ ಇಷ್ಟೊಂದು ಹೆಚ್ಚಳವೇ?" ಎಂದು ತಲೆಗೆ ಕೈ ಹೊತ್ತುಕೊಂಡಿತು. ತೆರೆಯ ಮೇಲಿನ ನನ್ನ ಪ್ರತಿರೂಪದ ಹೊಟ್ಟೆ ಉಬ್ಬಿತು. ಸಮತೋಲನದ ಆಟಗಳಲ್ಲಂತೂ ನೆಟ್ಟಗೆ ನಿಂತಾಗಲೆಲ್ಲ ಮುಂದಕ್ಕೆ ವಾಲಿದ್ದೀರಿ, ಹಿಂದಕ್ಕೆ ಬನ್ನಿ ಎಂಬ ಆಜ್ಞೆ. ಕೆಂಪು ಚುಕ್ಕಿಯನ್ನು ವೃತ್ತದ ನಡುವೆ ತರಲು ಸೊಂಟವನ್ನು ಎಡಕ್ಕೆ ತಿರುಚಿಕೊಂಡು ನಿಲ್ಲುತ್ತಾ ಬಂದೆ. ಈಗ ಸೊಂಟ ನೋಯುತ್ತಿದೆ. ಇದನ್ನು ಕೇಳಿದ ನಿಮ್ಮ ಸಹಾಯವಾಣಿಯವರು ವ್ಯಾಯಾಮದ ಆರಂಭದಲ್ಲಿ ನೋವು ಸಹಜ ಎಂದರು.

ಇನ್ನು ನಿಮ್ಮ ತಾಂತ್ರಿಕ ತಜ್ಞರ ಆ ವಿಡಿಯೋ ಕರೆ. ಅದನ್ನು ನೀವು ಧ್ವನಿಮುದ್ರಿಸಿಕೊಂಡಿದ್ದೀರಿ, "ಗುಣಮಟ್ಟಕ್ಕಾಗಿ" ಎಂದು ಮೊದಲೇ ಹೇಳಿದ್ದಿರಿ. ಕೇಳಿದರೆ ನಾನು ಏನನ್ನೂ ಸೇರಿಸಿ ಹೇಳುತ್ತಿಲ್ಲವೆಂದು ನಿಮಗೇ ತಿಳಿಯುತ್ತದೆ.

ಹಲಗೆಯನ್ನು ದೂರದಿಂದಲೇ ಪರೀಕ್ಷಿಸುತ್ತೇವೆ, ಮೊಬೈಲ್ ಹಿಡಿಯಲು ಒಬ್ಬರು ಬೇಕು ಎಂದರು. ಮಗಳು ಹಿಡಿದು ನಿಂತಳು. ಅವಳಿಗೆ ಹದಿನಾಲ್ಕು ವರ್ಷ. ತಜ್ಞರು ಹಲಗೆಯನ್ನು ತೋರಿಸಿ ಎನ್ನುತ್ತಾರೆಂದುಕೊಂಡಿದ್ದೆ. "ಮೇಡಂ, ನೀವು ಪೂರ್ತಿ ಕಾಣಬೇಕು, ಹಿಂದೆ ಹೋಗಿ" ಎಂದರು. ಹೋದೆ. "ಇನ್ನೂ ಹಿಂದೆ." ಬೆನ್ನು ಗೋಡೆಗೆ ತಾಗಿತು. "ಇನ್ನೂ ಪೂರ್ತಿ ಬರುತ್ತಿಲ್ಲ ಮೇಡಂ." ಇದಕ್ಕಿಂತ ಹಿಂದೆ ಹೋಗಬೇಕಾದರೆ ಗೋಡೆ ಒಡೆಯಬೇಕು ಎಂದೆ. ಅವರು ನಗಲಿಲ್ಲ, ಅವರ ಪಕ್ಕದಲ್ಲಿದ್ದ ಯಾರೋ ನಕ್ಕರು. ಮಗಳು ತಾನೇ ಎರಡು ಹೆಜ್ಜೆ ಹಿಂದೆ ಸರಿದಳು. ನಾನು ಪೂರ್ತಿ ಕಂಡೆ. ಇಷ್ಟು ಹೊಳೆಯುವುದಕ್ಕೆ ನಿಮ್ಮಲ್ಲಿ ತರಬೇತಿ ಕೊಡುವುದಿಲ್ಲವೇ?

"ಈಗ ಪಕ್ಕಕ್ಕೆ ತಿರುಗಿ." ತಿರುಗಿದೆ. "ಸಡಿಲವಾದ ಬಟ್ಟೆಯಾದ್ದರಿಂದ ದೇಹದ ಆಕಾರ ತಿಳಿಯುತ್ತಿಲ್ಲ." ನನ್ನ ಆಕಾರಕ್ಕೂ ಹಲಗೆಯ ಕಾಲಿಗೂ ಏನು ಸಂಬಂಧ ಎಂದು ಕೇಳಿದೆ. ತೂಕ ಹೆಚ್ಚಿರುವವರ ಭಾರ ಒಂದೇ ಕಡೆ ಬೀಳುವುದುಂಟು ಎಂದರು. ನೀರಿನ ಕ್ಯಾನಿನ ವಿಷಯ ಹೇಳಿದೆ, ಪಕ್ಕದಲ್ಲಿಯೇ ಇಟ್ಟುಕೊಂಡಿದ್ದೆ, ಎತ್ತಿ ತೋರಿಸಿದೆ. "ಮೇಡಂ, ಹಲಗೆ ಮನುಷ್ಯರಿಗಾಗಿ ಇರುವುದು, ವಸ್ತುಗಳನ್ನು ಇಟ್ಟರೆ ವಾರಂಟಿ ಹೋಗುತ್ತದೆ." ಇಟ್ಟಾಗಿದೆ ಎಂದೆ. "ಹಾಗಾದರೆ ಅದನ್ನು ನಾನು ಕೇಳಿಸಿಕೊಂಡಿಲ್ಲ ಎಂದು ಬರೆದುಕೊಳ್ಳುತ್ತೇನೆ" ಎಂದು ಉಪಕಾರ ಮಾಡುವ ಧ್ವನಿಯಲ್ಲಿ ಹೇಳಿದರು. ನನ್ನ ಬಳಿಯಿದ್ದ ಏಕೈಕ ಸಾಕ್ಷ್ಯ ಹೀಗೆ ದಾಖಲೆಯಿಂದ ಹೊರಗೆ ಹೋಯಿತು.

ಬಳಿಕ ಬಸ್ಕಿ ಹೊಡೆಯಲು ಹೇಳಿದರು. ಏಕೆ ಎಂದಾಗ ಚಲನೆಯ ಪರೀಕ್ಷೆ ಎಂದರು. ಹೊಡೆದೆ. ಅವರು ಜೋರಾಗಿ ಎಣಿಸಿದರು. "ಇದು ಲೆಕ್ಕಕ್ಕಿಲ್ಲ, ಇನ್ನೂ ಕೆಳಗೆ." ಮತ್ತೆ ಹೊಡೆದೆ. "ಇದು ಅರ್ಧ." ನಾಲ್ಕು ಪೂರ್ತಿ ಮತ್ತು ಎಷ್ಟೋ ಅರ್ಧಗಳಾದ ಮೇಲೆ ನಾನು ಏದುಸಿರು ಬಿಡುತ್ತಿರುವಾಗ, ನನ್ನ ಮಗಳ ಕೈಯಲ್ಲಿರುವ ಮೊಬೈಲಿನಿಂದ, ಇಡೀ ಕೋಣೆಗೆ ಕೇಳುವಂತೆ ಈ ಪ್ರಶ್ನೆ ಬಂತು: "ಮೇಡಂ, ಹಲಗೆಯ ಮಿತಿ 150 ಕಿಲೋ. ನೀವು ಅದರೊಳಗೆ ಇದ್ದೀರಿ ಎಂಬುದು ಖಚಿತವೇ?"

ಮಗಳು ಏನೂ ಹೇಳದೆ ಕ್ಯಾಮೆರಾವನ್ನು ನೆಲದ ಕಡೆಗೆ ತಿರುಗಿಸಿದಳು. ಅಷ್ಟು ಹೊತ್ತಿನಲ್ಲಿ ನಿಮ್ಮ ತಜ್ಞರು ಹಲಗೆಯನ್ನು ನೋಡಿದ್ದು ಆಗಲೇ ಮೊದಲು. ನೋಡಿದರು ಎಂದರೂ ಹೆಚ್ಚಾದೀತು. "ಚಿತ್ರ ಹೋಯಿತು" ಎಂದರು.

ಕೊನೆಗೆ ತೀರ್ಪು ಬಂತು. ದೇಹದಲ್ಲಿ ನೀರಿನ ಅಂಶ ಏರಿಳಿಯುವುದರಿಂದ ತೂಕದಲ್ಲಿ ವ್ಯತ್ಯಾಸ ಕಾಣುತ್ತದಂತೆ. ಏರಿಳಿಯುವುದು ನಿಜ, ದಿನವೊಂದರಲ್ಲಿ ಒಂದೆರಡು ಕಿಲೋ ವ್ಯತ್ಯಾಸವಾಗಬಹುದು. ಆದರೆ ಬಲಗಾಲಿನಿಂದ ಎಡಗಾಲಿಗೆ ಭಾರ ಬದಲಿಸುವಷ್ಟರಲ್ಲಿ ಒಂಬತ್ತು ಲೀಟರ್ ನೀರು ನನ್ನಿಂದ ಎಲ್ಲಿಗೆ ಹೋಯಿತು ಎಂದು ಕೇಳಿದೆ. ಕರೆ ಮುಗಿಯಿತು. ಅರ್ಧ ಗಂಟೆಯಲ್ಲಿ ಮಿಂಚಂಚೆ ಬಂತು: "ಸಾಧನ ಸರಿಯಾಗಿದೆ. ಬಳಕೆದಾರರ ನಿಲುವಿನಲ್ಲಿ ದೋಷ. ದೂರು ತೃಪ್ತಿಕರವಾಗಿ ಮುಕ್ತಾಯಗೊಂಡಿದೆ." ಜೊತೆಗೆ ನಿಮ್ಮ ಆಹಾರ ಯೋಜನೆಗೆ ರಿಯಾಯಿತಿ ಕೂಪನ್. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ನನಗೆ ಅನ್ವಯಿಸಿ ಕೈತೊಳೆದುಕೊಂಡಿರಿ. ಸ್ವಾಮಿ, ನೆಲ ನಿಜವಾಗಿಯೂ ಡೊಂಕಾಗಿದೆ, ಆ ನೆಲವನ್ನು ಮಾರಿದವರು ನೀವು.

ಹಲಗೆಯ ಜೊತೆ ಜಗಳಕ್ಕೆ ಬಿದ್ದ ಮೇಲೆ ನಿಮ್ಮ ಕ್ಯಾಲೊರಿ ಲೆಕ್ಕವನ್ನೂ ಕೆದಕಿದೆ. ನನ್ನ ತೂಕವನ್ನು 88 ಎಂದು ಕೈಯಾರೆ ನಮೂದಿಸಿ, ಅರ್ಧ ಗಂಟೆ ಉಸಿರಾಟ ಮತ್ತು ನಿಧಾನಗತಿಯ ಯೋಗದ ಆಟವಾಡಿದರೆ 317 ಕ್ಯಾಲೊರಿ ಎಂದು ತೋರಿಸುತ್ತದೆ. ಅರ್ಧ ಗಂಟೆ ಕುಣಿದರೂ 317. ಚಟುವಟಿಕೆಗಳ ಶಕ್ತಿವ್ಯಯಕ್ಕೆ ಮೆಟ್ ಎಂಬ ಮಾನವಿದೆ, ಸುಮ್ಮನೆ ಕುಳಿತಿದ್ದರೆ ಒಂದು ಮೆಟ್. ಮೆಟ್ ಅನ್ನು ಕಿಲೋಗಳಿಂದಲೂ ಗಂಟೆಗಳಿಂದಲೂ ಗುಣಿಸಿದರೆ ಸುಮಾರಾಗಿ ಕ್ಯಾಲೊರಿ ಸಿಗುತ್ತದೆ. ಸಂಶೋಧಕರು ಬಳಸುವ ದೈಹಿಕ ಚಟುವಟಿಕೆಗಳ ಕಂಪೆಂಡಿಯಂ ಎಂಬ ಮೆಟ್ ಪಟ್ಟಿಯ 2011ರ ಆವೃತ್ತಿಯಲ್ಲಿ ಇಂಥ ವಿಡಿಯೋ ಆಟಗಳೂ ಇವೆ: ಸಮತೋಲನ ಮತ್ತು ಯೋಗದಂಥ ಹಗುರ ಆಟಕ್ಕೆ 2.3, ಏರೋಬಿಕ್ಸ್‌ನಂಥ ಮಧ್ಯಮ ಆಟಕ್ಕೆ 3.8, ಬಿರುಸಿನ ನೃತ್ಯದ ಆಟಕ್ಕೆ 7.2. ಈಗ 7.2 ಅನ್ನು 88ರಿಂದ ಗುಣಿಸಿ ಅರ್ಧ ಮಾಡಿ. 317. ಅಂದರೆ ನಾನು ಕಣ್ಣು ಮುಚ್ಚಿ ಉಸಿರೆಳೆದುಕೊಂಡರೂ ನಿಮ್ಮ ಆಟ ಅದನ್ನು ಬಿರುಸಿನ ಕುಣಿತವೆಂದೇ ಬರೆದುಕೊಳ್ಳುತ್ತದೆ. ನಿಜವಾದ ಲೆಕ್ಕ ಸುಮಾರು 101. ಅದರಲ್ಲಿಯೂ ಸುಮ್ಮನೆ ಕುಳಿತಿದ್ದರೂ ಖರ್ಚಾಗುವ ಪಾಲು ಸೇರಿದೆ.

ಇದು ಸಣ್ಣ ವಿಷಯವಲ್ಲ. ಒಂದು ಕಿಲೋ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಎಂಬ ಸ್ಥೂಲ ಲೆಕ್ಕ ನಿಮ್ಮ ಆ್ಯಪ್‌ನಲ್ಲಿಯೇ ಇದೆ. ಅದರ ಪ್ರಕಾರ 24 ಬಾರಿ ಆಡಿದರೆ ಒಂದು ಕಿಲೋ ಇಳಿಯಬೇಕೆಂದು ನೀವು ನಂಬಿಸುತ್ತೀರಿ. ಹಗುರ ಆಟದಲ್ಲಿ ಅದಕ್ಕೆ 76 ಬಾರಿ ಬೇಕು. ಇಳಿಯದಿದ್ದಾಗ "ಊಟದ ಮೇಲೆ ನಿಮಗೆ ಹಿಡಿತವಿಲ್ಲ" ಎಂಬ ಸಂದೇಶ ಕಳುಹಿಸುತ್ತೀರಿ. ಮನೆಯಲ್ಲಿ ಆಡುತ್ತಾ ತೂಕ ಇಳಿಸುವುದು ಆಗದ ಮಾತೆಂದು ನಾನು ಹೇಳುತ್ತಿಲ್ಲ. ಮೈ ಬೆವರುವಷ್ಟು ಆಡಿದರೆ, ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಚಟುವಟಿಕೆ ಬೇಕೆನ್ನುವ ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಗೆ ಅದೂ ಸಲ್ಲುತ್ತದೆ. ಹೊರಗೆ ಓಡಲು ಸಂಕೋಚಪಡುವ ನನ್ನಂಥವರಿಗೆ ಬಾಗಿಲು ಮುಚ್ಚಿಕೊಂಡು ಕುಣಿಯುವುದು ದೊಡ್ಡ ಅನುಕೂಲ. ಯಾರೂ ನೋಡುವುದಿಲ್ಲ ಎಂಬ ಒಂದೇ ಕಾರಣಕ್ಕೆ ನಿಮ್ಮ ಆಟವನ್ನು ಕೊಂಡೆ. ನೀವು ಆ ಒಂದನ್ನೂ ಉಳಿಸಲಿಲ್ಲ.

ತೂಕದ ಓದಿನಲ್ಲಿ ಎಷ್ಟು ವ್ಯತ್ಯಾಸ ಒಪ್ಪಿತ, ಅದನ್ನು ಮೀರಿದರೆ ಬದಲಿ ಹಲಗೆ ಎಷ್ಟು ದಿನಗಳಲ್ಲಿ ಬರಬೇಕು, ದೂರು ಇತ್ಯರ್ಥವಾಗುವವರೆಗೆ ಚಂದಾವನ್ನು ಹೇಗೆ ತಡೆಹಿಡಿಯಬೇಕು, ಇವೆಲ್ಲ ನಿಮ್ಮದೇ ಷರತ್ತುಗಳಲ್ಲಿವೆ. ನೀವೇ ಬರೆದ ನಿಯಮಗಳನ್ನು ನಿಮಗೇ ಓದಿ ಹೇಳುವಷ್ಟು ಅವಿನಯ ನನಗಿಲ್ಲ.

ಹಾಗಾಗಿ ಹಲಗೆಯ ಬೆಲೆ, ಇಂದು ಕಡಿತವಾದ ಚಂದಾ ಎರಡನ್ನೂ ಹಿಂದಿರುಗಿಸಿ. ಬದಲಿ ಹಲಗೆ ಬೇಡ. ಆ ವಿಡಿಯೋ ಕರೆಯ ಮುದ್ರಿಕೆಯ ಒಂದು ಪ್ರತಿಯನ್ನು ನನಗೆ ಕೊಟ್ಟು ಉಳಿದದ್ದನ್ನು ಅಳಿಸಿ, ಅಳಿಸಿದ್ದಕ್ಕೆ ಲಿಖಿತ ದೃಢೀಕರಣ ಕಳುಹಿಸಿ. ನನ್ನ ಬಸ್ಕಿಗಳನ್ನು ನಿಮ್ಮ ಸಿಬ್ಬಂದಿಯ ತರಬೇತಿಗೆ ಬಳಸುವ ಉದ್ದೇಶವಿದ್ದರೆ ಅದನ್ನು ಈಗಲೇ ಕೈಬಿಡಿ.

ಉತ್ತರ ಬರುತ್ತದೆಂಬ ಭರವಸೆ ನನಗೆ ಹೆಚ್ಚೇನೂ ಇಲ್ಲ. ಆದ್ದರಿಂದ ಮುಂದಿನ ಸಿದ್ಧತೆ ಆಗಿದೆ. ನಾಲ್ಕೂ ಮೂಲೆಗಳ ಮೇಲೆ ನೀರಿನ ಕ್ಯಾನ್ ಇಟ್ಟ ವಿಡಿಯೋವನ್ನು ಮಗಳು ಅಚ್ಚುಕಟ್ಟಾಗಿ ಚಿತ್ರೀಕರಿಸಿದ್ದಾಳೆ. ಅದರ ಜೊತೆಗೆ ನಿಮ್ಮ "ತೃಪ್ತಿಕರ" ಮಿಂಚಂಚೆ, 317ರ ಎರಡು ತೆರೆಚಿತ್ರಗಳು ಮತ್ತು ಸೊಂಟ ನೋಡಿದ ವೈದ್ಯರ ಚೀಟಿ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತವೆ. ವಿಚಾರಣೆಯ ದಿನ ಹಲಗೆಯನ್ನೂ ಹೊತ್ತು ತರುತ್ತೇನೆ. ನಿಮ್ಮ ಪರವಾಗಿ ಬರುವವರು ಯಾರೇ ಆಗಿರಲಿ, ವಾದ ಆರಂಭಿಸುವ ಮೊದಲು ಅವರು ಎಲ್ಲರೆದುರು ಅದರ ಮೇಲೆ ನಿಲ್ಲಬೇಕು, ಮೊದಲು ಮುಂದಕ್ಕೆ ಬಲಗಡೆ ವಾಲಿ, ಆಮೇಲೆ ಹಿಂದಕ್ಕೆ ಎಡಗಡೆ. ಅಂಕಿಗಳನ್ನು ಜೋರಾಗಿ ಓದುವ ಕೆಲಸ ನನ್ನದು. ಅವರಿಗೆ ಸಡಿಲವಾದ ಬಟ್ಟೆ ಹಾಕಿಕೊಂಡು ಬರಬಾರದೆಂದು ಮೊದಲೇ ತಿಳಿಸಿಡಿ.

ಇತಿ,
ನಿಮ್ಮ ದಾಖಲೆಗಳ ಪ್ರಕಾರ ತೃಪ್ತಳಾದ ಗ್ರಾಹಕಿ