ಹಳೆಯ ರೇಡಿಯೊ: ಬದಲಿಸಬೇಕಾದದ್ದು, ಉಳಿಸಬೇಕಾದದ್ದು

ಮಾನ್ಯ ಸಂಪಾದಕರಿಗೆ,

ಹಳೆಯ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ರೇಡಿಯೊಗಳನ್ನು ಸರಿಪಡಿಸಿ ಮತ್ತೆ ಹಾಡಿಸುವ ಹವ್ಯಾಸಿಗಳಲ್ಲಿ, ಒಳಗಿನ ಒಂದು ಬಿಡಿಭಾಗ ಬದಲಾದರೂ ಪೆಟ್ಟಿಗೆಯ ಮೂಲತನ ಹೋಯಿತೆಂದು ನಂಬಿದವರು ಅನೇಕರಿದ್ದಾರೆ. ಆ ಕಾಳಜಿ ನನಗೂ ಇದೆ. ಆದರೆ ಸವೆದ ಕೆಪಾಸಿಟರುಗಳ (ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗಗಳ) ವಿಷಯದಲ್ಲಿ ಅದನ್ನು ಹಿಡಿದು ಕೂತರೆ ರೇಡಿಯೊವೇ ಸುಟ್ಟುಹೋಗುತ್ತದೆ ಎಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಮೇಣ ಸವರಿದ ಕಾಗದದ ಕೆಪಾಸಿಟರುಗಳು ದಶಕಗಳಲ್ಲಿ ತೇವ ಹೀರಿ ವಿದ್ಯುತ್ತನ್ನು ಸೋರಿಸತೊಡಗುತ್ತವೆ. ಇವುಗಳಲ್ಲಿ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ (ವಾಲ್ವಿನ ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿಗೆ) ಧ್ವನಿಯನ್ನು ದಾಟಿಸುವ ಕಪ್ಲಿಂಗ್ ಕೆಪಾಸಿಟರು ಎಲ್ಲಕ್ಕಿಂತ ಅಪಾಯಕಾರಿ. ಅದರ ಸೋರಿಕೆಯ ರೋಧ 1 ಕೋಟಿ ಓಮ್‌ನಷ್ಟು ಇದ್ದರೆ ಸಾಧಾರಣ ಮೀಟರು ಅದನ್ನು ಹೆಚ್ಚುಕಡಿಮೆ ಸರಿಯಿದೆಯೆಂದೇ ತೋರಿಸೀತು. ಆದರೆ ಹಿಂದಿನ ವಾಲ್ವಿನ ಆ್ಯನೋಡಿನಲ್ಲಿ (ಧನ ವೋಲ್ಟೇಜಿನ ತಗಡಿನಲ್ಲಿ) 100 ವೋಲ್ಟ್ ಇದ್ದು, ಗ್ರಿಡ್ಡಿನ ರೆಸಿಸ್ಟರು 5 ಲಕ್ಷ ಓಮ್‌ನದಾಗಿದ್ದರೆ, ಅಷ್ಟು ಸೋರಿಕೆಯಿಂದಲೇ ಗ್ರಿಡ್ಡಿನ ಮೇಲೆ ಸುಮಾರು 4.8 ವೋಲ್ಟ್ ಧನ (ಪಾಸಿಟಿವ್) ವೋಲ್ಟೇಜು ಕೂರುತ್ತದೆ. ಆಗ ಔಟ್‌ಪುಟ್ ವಾಲ್ವು ಮಿತಿಮೀರಿ ಕರೆಂಟು ಎಳೆಯುತ್ತದೆ, ಧ್ವನಿ ಒಡೆಯುತ್ತದೆ, ಹಾಗೆಯೇ ಬಿಟ್ಟರೆ ಆ ವಾಲ್ವನ್ನು ಸ್ಪೀಕರಿಗೆ ಜೋಡಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಸುಡುತ್ತದೆ. ಮತ್ತೆ ಸಿಗದಂಥ ಆ ಟ್ರಾನ್ಸ್‌ಫಾರ್ಮರನ್ನು ಉಳಿಸಲು ಒಂದು ಪಾಲಿಯೆಸ್ಟರ್ ಕೆಪಾಸಿಟರು ಸಾಕು.

ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುವ ಫಿಲ್ಟರಿನ ಎಲೆಕ್ಟ್ರೋಲಿಟಿಕ್ (ಒಳಗೆ ದ್ರಾವಣವಿರುವ) ಕೆಪಾಸಿಟರುಗಳೂ ಒಳಗೇ ಒಣಗುತ್ತವೆ. ಗುಂಯ್‌ಗುಡುವ ಸದ್ದು ಅದರ ಗುರುತು. ಹೊಸದನ್ನು ಹಾಕುವಾಗ ವೋಲ್ಟೇಜಿನ ಮಿತಿ ಹಳೆಯದಕ್ಕಿಂತ ಕಡಿಮೆಯಾಗಕೂಡದು. ಹೆಚ್ಚು ಮೈಕ್ರೋಫ್ಯಾರಡ್ (ಕೆಪಾಸಿಟರಿನ ಧಾರಣಶಕ್ತಿಯ ಅಳತೆ) ಹಾಕಿದಷ್ಟೂ ಒಳ್ಳೆಯದೆಂಬ ಎಣಿಕೆ ಮಾತ್ರ ತಪ್ಪು: ಎ.ಸಿ. ವಿದ್ಯುತ್ತನ್ನು ಡಿ.ಸಿ.ಯಾಗಿಸುವ ರೆಕ್ಟಿಫೈಯರ್ ವಾಲ್ವಿನ ಪಕ್ಕದ ಮೊದಲ ಕೆಪಾಸಿಟರು ಬಹಳ ದೊಡ್ಡದಾದರೆ ಅದನ್ನು ತುಂಬುವ ಕರೆಂಟಿನ ಹೊಡೆತವನ್ನು ಆ ವಾಲ್ವು ತಾಳಲಾರದು. ನೇರವಾಗಿ ಮನೆಯ ವಿದ್ಯುತ್ ತಂತಿಗಳಿಗೆ ಸೇರುವ ಕೆಪಾಸಿಟರುಗಳ ಜಾಗಕ್ಕೆ, ಅದಕ್ಕೆಂದೇ ತಯಾರಾದ ಎಕ್ಸ್ ಅಥವಾ ವೈ ವರ್ಗದ ಸುರಕ್ಷಾ ಕೆಪಾಸಿಟರುಗಳನ್ನೇ ಹಾಕಬೇಕು. ಪುಡಿಯಾಗುತ್ತಿರುವ ರಬ್ಬರ್ ಹೊದಿಕೆಯ ತಂತಿಗಳನ್ನಂತೂ ಯಾವ ಚರ್ಚೆಯೂ ಇಲ್ಲದೆ ತೆಗೆಯಬೇಕು.

ಇದರ ಅರ್ಥ ಎಲ್ಲವನ್ನೂ ಕಿತ್ತೆಸೆಯುವುದೆಂದಲ್ಲ. ಮೈಕಾ ಕೆಪಾಸಿಟರುಗಳು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ. ಕಾರ್ಬನ್ ರೆಸಿಸ್ಟರುಗಳನ್ನು ಅಳೆದು, ರೋಧ ಅವುಗಳ ಮೇಲೆ ಗುರುತಿಸಿದ್ದಕ್ಕಿಂತ ಬಹಳ ಏರಿದ್ದರೆ ಮಾತ್ರ ಬದಲಿಸಿದರಾಯಿತು. ರೇಡಿಯೊ ಹಾಡದಿದ್ದರೆ ಮೊದಲು ವಾಲ್ವುಗಳನ್ನೇ ದೂರುವ ಅಭ್ಯಾಸ ಹಲವರಲ್ಲಿದೆ. ಬಹಳ ಸಲ ಅವು ನಿರಪರಾಧಿಗಳು. ಐ.ಎಫ್. (ಮಧ್ಯಂತರ ಆವರ್ತನದ) ಟ್ರಾನ್ಸ್‌ಫಾರ್ಮರುಗಳ ಶ್ರುತಿ ಹೊಂದಿಸುವ ತಿರುಪುಗಳನ್ನು ಸಿಗ್ನಲ್ ಜನರೇಟರ್ ಇಲ್ಲದವರು ಮುಟ್ಟದಿರುವುದೇ ಲೇಸು.

ಬಹಳ ಕಾಲ ಸುಮ್ಮನಿದ್ದ ರೇಡಿಯೊವನ್ನು ಒಮ್ಮೆಲೇ ಪ್ಲಗ್ಗಿಗೆ ಹಾಕಬೇಡಿರೆಂದು ಹವ್ಯಾಸಿಗಳಲ್ಲಿ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ತಂತುವಿರುವ ಬಲ್ಬೊಂದನ್ನು ಸರಣಿಯಲ್ಲಿ ಜೋಡಿಸಿ ಹಚ್ಚಿದರೆ, ಒಳಗೆ ಶಾರ್ಟ್ ಇದ್ದಾಗ ಬಲ್ಬು ಪ್ರಖರವಾಗಿ ಉರಿದು ಎಚ್ಚರಿಸುತ್ತದೆ. ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಜೀವಕ್ಕೆ ಎರವಾಗುವಷ್ಟು ವಿದ್ಯುತ್ತು ಉಳಿದಿರಬಹುದಾದ್ದರಿಂದ, ಪ್ಲಗ್ಗು ಕಿತ್ತು, ರೆಸಿಸ್ಟರಿನ ಮೂಲಕ ಅದನ್ನು ಹರಿಸಿ, ಮೀಟರಿನಲ್ಲಿ ನೋಡಿಯೇ ಕೈಯಿಡಬೇಕು.

ಮೂಲತನದ ಚಿಂತೆಗೂ ದಾರಿಯಿದೆ. ಹಳೆಯ ಕೆಪಾಸಿಟರಿನ ಹೊರಕವಚವನ್ನು ಬಿಡಿಸಿ ಹೊಸದನ್ನು ಅದರೊಳಗೇ ಕೂರಿಸಬಹುದು. ಅಷ್ಟು ತಾಳ್ಮೆ ಇಲ್ಲದವರು ತೆಗೆದ ಭಾಗಗಳನ್ನು ಒಂದು ಲಕೋಟೆಯಲ್ಲಿ ಹಾಕಿ, ಯಾವುದನ್ನು ಎಲ್ಲಿಂದ, ಯಾವ ದಿನ ತೆಗೆಯಲಾಯಿತೆಂದು ಬರೆದ ಚೀಟಿಯೊಡನೆ ರೇಡಿಯೊದ ಜೊತೆಗೇ ಇಡಲಿ.

ಇಂತಿ,
ಓರ್ವ ರೇಡಿಯೊ ಹವ್ಯಾಸಿ