ಯೌವನಸ್ಥರ ಕೂಟಕ್ಕೆ ಮುನ್ನ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಕರ್ತನ ನಾಮದಲ್ಲಿ ವಂದನೆಗಳು. ಯೌವನಸ್ಥರ ಕೂಟದಲ್ಲಿ ಮೊಬೈಲ್, ಜಾಹೀರಾತು, ಕೊಳ್ಳುವ ಹುಚ್ಚು ಇವುಗಳ ಬಗ್ಗೆ ಮಾತನಾಡಬೇಕಾಗಿದೆ, ನಾಲ್ಕು ಅಂಶ ಬರೆದು ಕಳುಹಿಸು ಎಂದು ಕೇಳಿದ್ದೀಯ. ನಾಲ್ಕು ಅಂಶಗಳಲ್ಲಿ ಮುಗಿಯುವ ಮಾತಲ್ಲ ಇದು. ಹದಿಹರೆಯದ ಮಕ್ಕಳಿರುವ ಇನ್ನೂ ಕೆಲವು ತಂದೆತಾಯಿಯರು ಇದನ್ನೇ ಕೇಳುತ್ತಿರುವುದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಬೇಡಿಕೆ. "ಈ ಕಾಲದ ಮಕ್ಕಳು" ಎಂದು ಮಾತು ಆರಂಭಿಸಬೇಡ. ಅದು ಕಿವಿಗೆ ಬಿದ್ದೊಡನೆ ಅವರು ಮನಸ್ಸಿನ ಕದ ಹಾಕಿಕೊಳ್ಳುತ್ತಾರೆ. ಆಮೇಲೆ ನೀನು ಎಷ್ಟು ಪ್ರೀತಿಯಿಂದ ಹೇಳಿದರೂ ಯಾವುದೂ ಒಳಗೆ ಇಳಿಯುವುದಿಲ್ಲ. ಅದರ ಬದಲು 1929ರ ಈಸ್ಟರ್ ಭಾನುವಾರದ ಕಥೆ ಹೇಳು.

ಆ ವರ್ಷ ಹಬ್ಬ ಮಾರ್ಚ್ 31ರಂದು ಬಂದಿತ್ತು. ಈಸ್ಟರ್ ದಿನ ಹೊಸ ಉಡುಪು ತೊಟ್ಟು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ಬೀದಿಯಲ್ಲಿ ಮೆರವಣಿಗೆಯಂತೆ ನಡೆಯುವುದು ಅಲ್ಲಿನ ಜನರ ರೂಢಿ. ಆ ಗುಂಪಿನ ನಡುವೆ ಕೆಲವು ಯುವತಿಯರು ಸಿಗರೇಟು ಹಚ್ಚಿದರು. ಹೆಂಗಸರು ಬೀದಿಯಲ್ಲಿ ಸಿಗರೇಟು ಸೇದುವುದನ್ನು ಆಗ ನಾಚಿಕೆಗೇಡೆಂದು ಕಾಣುತ್ತಿದ್ದರು. ಆ ಸಿಗರೇಟುಗಳಿಗೆ "ಸ್ವಾತಂತ್ರ್ಯದ ದೀವಟಿಗೆಗಳು" ಎಂಬ ಹೆಸರು ಬಿತ್ತು, ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಓದಿದವರಿಗೆ ಅದು ಹೆಣ್ಣುಮಕ್ಕಳು ತಾವಾಗಿಯೇ ತೋರಿದ ದಿಟ್ಟತನವೆಂದು ಕಂಡಿತು. ಹಿಂದೆ ನಿಂತು ಎಲ್ಲವನ್ನೂ ಹೊಂದಿಸಿದ್ದವನು ಎಡ್ವರ್ಡ್ ಬರ್ನೇಸ್ ಎಂಬ ಪ್ರಚಾರ ತಜ್ಞ, ಮನೋವಿಶ್ಲೇಷಕ ಸಿಗ್ಮಂಡ್ ಫ್ರಾಯ್ಡ್‌ನ ಸೋದರಳಿಯ. ಅವನಿಗೆ ಸಂಬಳ ಕೊಡುತ್ತಿದ್ದದ್ದು ಅಮೆರಿಕನ್ ಟೊಬ್ಯಾಕೊ ಕಂಪನಿ. ಕರ್ತನು ಸಮಾಧಿಯಿಂದ ಎದ್ದದ್ದನ್ನು ನೆನೆಯುವ ದಿನದಂದೇ ಈ ವ್ಯಾಪಾರ ನಡೆಯಿತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಈ ಕಥೆಯಲ್ಲಿ ಮಕ್ಕಳು ಗಮನಿಸಬೇಕಾದದ್ದು ಸಿಗರೇಟನ್ನಲ್ಲ. ಆ ಯುವತಿಯರ ಹಂಬಲದಲ್ಲಿ ತಪ್ಪೇನೂ ಇರಲಿಲ್ಲ. ಗಂಡಸರಂತೆ ತಲೆಯೆತ್ತಿ ನಡೆಯಬೇಕೆಂಬ ಆಸೆ ನ್ಯಾಯವಾದದ್ದೇ. ಕಂಪನಿ ಆ ಆಸೆಯನ್ನು ಹುಟ್ಟಿಸಲಿಲ್ಲ, ಇದ್ದದ್ದನ್ನು ಎತ್ತಿಕೊಂಡು ತನ್ನ ಸರಕಿಗೆ ಕಟ್ಟಿಹಾಕಿತು. ನಿನ್ನ ಮುಂದೆ ಕುಳಿತ ಹುಡುಗನಿಗೂ ಹೀಗೆಯೇ. ಗೆಳೆಯರು ತನ್ನನ್ನು ತಮ್ಮವನೆನ್ನಬೇಕು, ಯಾರಾದರೂ ತನ್ನನ್ನು ಚೆಂದವೆನ್ನಬೇಕು ಎಂಬ ಆಸೆ ಅವನಲ್ಲಿದೆ. ಅದನ್ನು ಪಾಪವೆಂದು ಕರೆದುಬಿಡಬೇಡ. ಅದನ್ನು ಯಾವ ಬೂಟಿಗೆ, ಯಾವ ಫೋನಿಗೆ, ಯಾರ ಲಾಭಕ್ಕೆ ಕಟ್ಟಿದ್ದಾರೆ ಎಂದು ಅವನೇ ಹುಡುಕಲಿ. ಒಂದು ಜಾಹೀರಾತನ್ನು ಎಲ್ಲರ ಮುಂದಿಟ್ಟು, "ಇದು ನಮ್ಮ ಯಾವ ಆಸೆಗೆ ಕೈಹಾಕಿದೆ?" ಎಂದು ಕೇಳು. ಆ ವಯಸ್ಸಿನವರಿಗೆ ಮೋಸಹೋಗುವುದೆಂದರೆ ಆಗದು. ಉಪದೇಶ ಮಾಡದ ಕೆಲಸವನ್ನು ಆ ಸಿಟ್ಟು ಮಾಡುತ್ತದೆ.

ಮೊಬೈಲಿನ ಒಳಗೂ ಇಂಥದೇ ಕೈಚಳಕವಿದೆ. ಹಿಂದೆ ಅಂತರ್ಜಾಲದ ಪುಟಕ್ಕೆ ಒಂದು ತಳವಿರುತ್ತಿತ್ತು. ತಳ ಮುಟ್ಟಿದಾಗ "ಸಾಕು" ಎನ್ನಲು ಒಂದು ಕ್ಷಣ ಸಿಗುತ್ತಿತ್ತು. 2006ರಲ್ಲಿ ಅಜಾ ರಾಸ್ಕಿನ್ ಎಂಬ ವಿನ್ಯಾಸಕ ಆ ತಳವನ್ನೇ ತೆಗೆದುಹಾಕುವ, ಸರಿಸಿದಷ್ಟೂ ಪುಟ ಮುಗಿಯದ ವಿಧಾನ ರೂಪಿಸಿದ. ಮುಂದೆ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪಪಟ್ಟ. 2009ರಲ್ಲಿ ಫೇಸ್‌ಬುಕ್ ಲೈಕ್ ಗುಂಡಿ ತಂದಿತು. ಮೆಚ್ಚುಗೆ ಯಾವಾಗ ಬರುತ್ತದೋ ತಿಳಿಯದು, ಬಂದಾಗ ಹಿತ, ಬರದಿದ್ದಾಗ ಮತ್ತೊಮ್ಮೆ ನೋಡುವ ತವಕ. ಪ್ರತಿಫಲ ಯಾವಾಗ ಸಿಗುತ್ತದೆಂದು ಗೊತ್ತಿಲ್ಲದಿದ್ದರೆ ಪಾರಿವಾಳವೂ ಪಟ್ಟುಬಿಡದೆ ಕುಕ್ಕುತ್ತಲೇ ಇರುತ್ತದೆಂದು ಮನೋವಿಜ್ಞಾನಿ ಸ್ಕಿನ್ನರ್ ಬಹಳ ಹಿಂದೆಯೇ ಪ್ರಯೋಗದಿಂದ ತೋರಿಸಿದ್ದ. ಫೇಸ್‌ಬುಕ್ಕಿನ ಮೊದಲ ಅಧ್ಯಕ್ಷನಾಗಿದ್ದ ಶಾನ್ ಪಾರ್ಕರ್ 2017ರಲ್ಲಿ, ಮನುಷ್ಯ ಮನಸ್ಸಿನ ಒಂದು ದೌರ್ಬಲ್ಯವನ್ನು ತಿಳಿದೂ ಬಳಸಿಕೊಂಡೆವು ಎಂಬ ಅರ್ಥದಲ್ಲಿ ಮಾತನಾಡಿದ. ಇಷ್ಟೆಲ್ಲ ತಿಳಿದ ಮೇಲೆ ಹದಿನೈದು ವರ್ಷದ ಹುಡುಗಿಗೆ "ನಿನಗೆ ಮನೋಬಲವಿಲ್ಲ" ಎಂದು ಬೈಯಲು ನನಗೆ ಬಾಯಿ ಬರುವುದಿಲ್ಲ. ಎದುರಿಗೆ ಯಾರಿದ್ದಾರೆಂದು ಅವಳಿಗೆ ಮೊದಲು ತಿಳಿಯಲಿ. ನೋಡುವುದರಿಂದ ಕಣ್ಣು ತೃಪ್ತಿಪಡುವುದಿಲ್ಲ ಎಂದು ಪ್ರಸಂಗಿ ಹೇಳಿದ್ದನ್ನು ಆಮೇಲೆ ಓದಿಸು. ಆ ವಚನ ಅವಳಿಗೆ ಎಷ್ಟು ಹೊಸದಾಗಿ ಕೇಳಿಸುತ್ತದೆ ನೋಡು.

ಆಸ್ಟ್ರೇಲಿಯ 2025ರ ಡಿಸೆಂಬರಿನಿಂದ ಹದಿನಾರು ತುಂಬದವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯನ್ನೇ ನಿಷೇಧಿಸಿದೆ. ಇಂಥ ಕಾನೂನು ಬೇಕೆಂದೇ ನನ್ನ ಅಭಿಪ್ರಾಯ. ಆದರೆ ಹದಿನಾರು ತುಂಬಿದ ಮರುದಿನ ಆ ಮಗು ಯಾವ ಬಲದಿಂದ ನಿಲ್ಲುತ್ತದೆ ಎಂಬ ಪ್ರಶ್ನೆ ಮನೆಗೂ ಸಭೆಗೂ ಉಳಿದೇ ಉಳಿಯುತ್ತದೆ.

ನೀನು ದಾನಿಯೇಲನನ್ನು ಬಿಡುವುದಿಲ್ಲವೆಂದು ಗೊತ್ತು. ಬಿಡಬೇಡ. ಸಿಂಹಗಳ ಗವಿಗೆ ಓಡದೆ ಮೊದಲ ಅಧ್ಯಾಯದಲ್ಲೇ ನಿಲ್ಲು, ಅಷ್ಟೇ. ಬಾಬೆಲಿನ ಅರಸನು ಸೆರೆತಂದ ದಾನಿಯೇಲನಿಗೂ ಅವನ ಮೂವರು ಗೆಳೆಯರಿಗೂ ಹೊಸ ಹೆಸರಿಡಿಸಿದ, ಕಸ್ದೀಯರ ಭಾಷೆಯನ್ನೂ ಸಾಹಿತ್ಯವನ್ನೂ ಕಲಿಸಿದ, ಮೂರು ವರ್ಷದ ತರಬೇತಿಗೆ ಏರ್ಪಾಡು ಮಾಡಿದ, ತನ್ನ ಪಂಕ್ತಿಯ ಊಟ ಕೊಟ್ಟ. ಅವರು ಭಾಷೆ ಕಲಿತರು. ಹೆಸರನ್ನೂ ಹೊತ್ತರು. ಊಟದ ವಿಷಯದಲ್ಲಿ ಮಾತ್ರ ಒಲ್ಲೆವೆಂದರು, ಅದೂ ಕೂಗಾಡದೆ, ಹತ್ತು ದಿನ ಪರೀಕ್ಷಿಸಿ ನೋಡು ಎಂದು ವಿಚಾರಕನನ್ನು ಬೇಡಿಕೊಂಡು. ಎಲ್ಲವನ್ನೂ ಬಿಟ್ಟುಬಿಡಿ ಎಂದು ನಾವು ಮಕ್ಕಳಿಗೆ ಹೇಳುತ್ತಿರುತ್ತೇವಲ್ಲ, ಆ ನಾಲ್ವರು ಹಾಗೆ ಮಾಡಲಿಲ್ಲ. ಒಂದನ್ನು ಆರಿಸಿಕೊಂಡು ಅದರಲ್ಲಿ ಗಟ್ಟಿಯಾಗಿ ನಿಂತರು. ಮತ್ತು ಅವರು ನಾಲ್ವರಿದ್ದರು. ಇದನ್ನು ಒತ್ತಿ ಹೇಳು. ರಾತ್ರಿ ಫೋನನ್ನು ಮಲಗುವ ಕೋಣೆಯ ಹೊರಗಿಡುವುದೋ, ಭಾನುವಾರ ಜಾಲತಾಣಗಳಿಂದ ದೂರವಿರುವುದೋ, ಯಾವುದೆಂದು ನೀನು ತೀರ್ಮಾನಿಸಬೇಡ. ಅವರೇ ಮೂರು ನಾಲ್ಕು ಮಂದಿ ಕುಳಿತು ಆರಿಸಲಿ, ಒಬ್ಬರು ಸೋತ ದಿನ ಇನ್ನೊಬ್ಬರನ್ನು ಕರೆಯಲಿ. ಒಬ್ಬಂಟಿಯಾಗಿ ಮಾಡಿದ ನಿರ್ಧಾರಗಳು ಆ ವಯಸ್ಸಿನಲ್ಲಿ ಬಹಳ ಬೇಗ ಕರಗುತ್ತವೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ನೀನು ಕೇಳಿದ್ದು ಇಷ್ಟೇ. ಆದರೆ ಇತ್ತೀಚೆಗೆ ನನಗೆ ನೆಮ್ಮದಿಯಿಲ್ಲ.

ನಮ್ಮ ಕೂಟಗಳನ್ನೇ ನೋಡು. ಬಣ್ಣದ ದೀಪ, ದೊಡ್ಡ ಪರದೆ, ಚುರುಕಾದ ವಾದ್ಯ, ಕೊನೆಯಲ್ಲಿ ಎಲ್ಲರ ಕೈಗೂ ಒಂದೇ ಬರಹದ ಅಂಗಿ. ಸಂಗೀತವನ್ನು ನಾನು ದೂರುತ್ತಿಲ್ಲ. ಕೀರ್ತನೆಗಳು ತಂತಿವಾದ್ಯ, ತಾಳಗಳಿಂದಲೇ ತುಂಬಿವೆ. ನಾನು ಕೇಳುತ್ತಿರುವುದು, ಆ ಎರಡು ಗಂಟೆ ನಮ್ಮ ಹುಡುಗ ಹುಡುಗಿಯರು ಏನು ಮಾಡುತ್ತಾರೆ ಎಂದು. ಕುಳಿತು ನೋಡುತ್ತಾರೆ. ಹಿಡಿಸಿದರೆ ಮುಂದಿನ ಬಾರಿ ಬರುತ್ತಾರೆ, ಹಿಡಿಸದಿದ್ದರೆ ಇನ್ನೂ ಚೆನ್ನಾಗಿ ನಡೆಸುವ ಕೂಟ ಹುಡುಕುತ್ತಾರೆ. ಕಂಪನಿಗಳು ಅವರನ್ನು ಗಿರಾಕಿಗಳನ್ನಾಗಿ ಬೆಳೆಸಿವೆ ಎಂದು ಕೊರಗುವ ನಾವು, ಗಿರಾಕಿಗೆ ಕೊಡುವ ಸ್ಥಾನವನ್ನೇ ಅವರಿಗೆ ಕೊಟ್ಟಿದ್ದೇವೆ.

ಸತ್ಯವೇದದಲ್ಲಿ ಎಳೆಯರು ಹೀಗೆ ಕುಳಿತದ್ದು ನನಗೆ ಕಾಣುವುದಿಲ್ಲ. ಯೋಷೀಯನು ದೇವರನ್ನು ಹುಡುಕಲು ಆರಂಭಿಸಿದಾಗ ಅವನಿಗೆ ಹದಿನಾರರ ಪ್ರಾಯ, ಆಗಲೇ ಅರಸು. ಸೇನಾಪತಿ ನಾಮಾನನ ಮನೆಯಲ್ಲಿ ಸೆರೆಯಾಳಾಗಿದ್ದ ಹುಡುಗಿಯ ಹೆಸರೂ ನಮಗೆ ತಿಳಿಯದು. ಅವಳು ಆಡಿದ ಒಂದು ಮಾತಿನಿಂದ ಆ ಸೇನಾಪತಿ ಪ್ರವಾದಿ ಎಲೀಷನ ಬಾಗಿಲಿಗೆ ಬಂದ. ಐದು ಜವೆಗೋದಿಯ ರೊಟ್ಟಿ, ಎರಡು ಮೀನು ಒಬ್ಬ ಹುಡುಗನ ಬಳಿ ಇದ್ದವು. ಅಂದ್ರೆಯನಿಗೂ ಇಷ್ಟು ಜನಕ್ಕೆ ಇದು ಎಲ್ಲಿ ಸಾಕಾದೀತು ಎನಿಸಿತ್ತು, ಕರ್ತನು ಮಾತ್ರ ಅದನ್ನೇ ಕೈಗೆ ತೆಗೆದುಕೊಂಡ. ನಾನಿನ್ನೂ ಬಾಲಕ ಎಂದ ಯೆರೆಮೀಯನ ನೆಪವನ್ನು ದೇವರು ಒಪ್ಪಲೇ ಇಲ್ಲ.

ಈಗ ಬರೆಯುವುದನ್ನು ಬರೆಯಬೇಕೆಂದಿರಲಿಲ್ಲ. ಕಳೆದ ತಿಂಗಳು ನನ್ನ ಮಗಳು ಆರಾಧನೆಗೆ ಬರುವುದಿಲ್ಲವೆಂದಳು. ಯಾಕೆಂದು ಕೇಳಿದೆ. ಸಿಟ್ಟಿರಲಿಲ್ಲ ಅವಳಿಗೆ, ದಣಿದಂತಿದ್ದಳು. "ಅಪ್ಪಾ, ನಾನು ಒಂದು ದಿನ ಏನೂ ಹಾಕದಿದ್ದರೆ ಫೋನಿನಲ್ಲಿ ಹತ್ತು ಜನ ಎಲ್ಲಿ ಹೋದೆ ಎಂದು ಕೇಳುತ್ತಾರೆ. ಚರ್ಚಿಗೆ ಬರದಿದ್ದರೆ ಯಾರಿಗೆ ಗೊತ್ತಾಗುತ್ತದೆ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅವಳು ಹೇಳಿದ್ದು ನಿಜವಾಗಿತ್ತು, ಗೆಳೆಯಾ. ಆ ಭಾನುವಾರ ಯಾರೂ ಕೇಳಲಿಲ್ಲ. ಲೋಕ ನಮ್ಮ ಮಕ್ಕಳನ್ನು ಸೆಳೆದೊಯ್ಯುತ್ತದೆ ಎಂದು ಭಯಪಡುತ್ತಿದ್ದವನು ನಾನು. ಈಗಿನ ಭಯವೇ ಬೇರೆ. ಅವಳು ಹೊರಟುಹೋದರೆ ನಮ್ಮಲ್ಲಿ ಒಂದು ಜಾಗವೂ ಖಾಲಿ ಕಾಣದೇನೋ ಎಂಬ ಯೋಚನೆ ರಾತ್ರಿ ನಿದ್ರೆಯಿಂದ ಎಬ್ಬಿಸುತ್ತದೆ. ಪ್ರಾರ್ಥಿಸಲು ಕೂತರೆ ಮಾತು ಬರುವುದಿಲ್ಲ, ಅವಳ ಹೆಸರಷ್ಟೇ ಬರುತ್ತದೆ.

ಆದ್ದರಿಂದ ಅವರಿಗೆ ಕೆಲಸ ಕೊಡು. ಉತ್ಸಾಹ ತುಂಬಲು ಕೊಡುವ ಆಟದಂಥ ಕೆಲಸವಲ್ಲ, ಅವರು ಬರದಿದ್ದರೆ ನಿಂತುಹೋಗುವ ಕೆಲಸ. ಹಾಸಿಗೆ ಹಿಡಿದ ಹಿರಿಯರೊಬ್ಬರಿಗೆ ವಾರಕ್ಕೊಮ್ಮೆ ಸತ್ಯವೇದ ಓದಿಹೇಳುವುದು. ಅವರು ಬಾಗಿಲ ಕಡೆ ನೋಡುತ್ತಾ ಕಾಯುತ್ತಾರೆ, ಆ ಕಾಯುವಿಕೆ ಒಬ್ಬ ಹುಡುಗನಿಗೆ ಏನು ಮಾಡಬಲ್ಲದೆಂದು ನೀನೇ ನೋಡುವೆ. ಕಾಣಿಕೆಯ ಲೆಕ್ಕವನ್ನು ಅವರೂ ಬರೆಯಲಿ, ಎಷ್ಟು ಬಂತು, ಯಾರ ಆಸ್ಪತ್ರೆ ಖರ್ಚಿಗೆ ಹೋಯಿತು, ಎಷ್ಟು ಸಾಲದಾಯಿತು ಎಲ್ಲವೂ ತಿಳಿಯಲಿ. ಆಸ್ತಿ ಎಷ್ಟಿದ್ದರೂ ಅದು ಜೀವಕ್ಕೆ ಆಧಾರವಲ್ಲ ಎಂದು ಲೂಕನ ಸುವಾರ್ತೆಯಲ್ಲಿ ಕರ್ತನು ಹೇಳಿದ್ದನ್ನು ಆ ಲೆಕ್ಕದ ಪುಸ್ತಕದ ಎದುರು ಕುಳಿತು ಓದಿದರೆ ಬೇರೆಯೇ ಅರ್ಥ ಬರುತ್ತದೆ. ವಾಚನ, ಧ್ವನಿವರ್ಧಕ, ಚಿಕ್ಕ ಮಕ್ಕಳ ತರಗತಿ ಯಾವುದಾದರೂ ಆಗಲಿ, ತಪ್ಪಿದರೆ ತಪ್ಪಲಿ. ಬಂದಿಲ್ಲದವರ ಮನೆಗೆ ಅಂದೇ ಸಂಜೆ ಒಬ್ಬರು ಹೋಗಲಿ.

ಮಗಳ ಮಾತನ್ನು ಇಲ್ಲಿ ಬರೆಯಲು ಅವಳ ಅನುಮತಿ ಕೇಳಿದೆ. "ಬರೆಯಪ್ಪಾ, ಅಂಕಲ್ ಓದಲಿ" ಎಂದಳು. ಹಾಗಾಗಿ ನಿನ್ನಿಂದ ಅವಳಿಗೊಂದು ಕಾಗದ ಬರಬೇಕು, ಫೋನಿನಲ್ಲಿ ಅಲ್ಲ, ಅಂಚೆಯಲ್ಲಿ. ಅಕ್ಷರ ಬಿಡಿಸಿ ಬರೆ. ನಿನ್ನ ಕೈಬರಹ ಓದಲು ಈ ಮನೆಯಲ್ಲಿ ನನ್ನೊಬ್ಬನಿಗೇ ಬರುವುದು. ಕೂಟ ಹೇಗಾಯಿತೆಂದು ನನಗೂ ತಿಳಿಸು.

ಕ್ರಿಸ್ತನಲ್ಲಿ,
ನಿನ್ನ ಗೆಳೆಯ